ಹಾಯಿದೋಣಿಗೆ ಕೊಟ್ಟ ಫೈವ್ ನೈನ್

ಅದು ಹಮ್ಜಾನ ದನಿಯೇ ಇರಬೇಕು. ಅಥವಾ ಇರಲೆಂದು ತನ್ನ ಕಿವಿಯೇ ಆಸೆಪಟ್ಟು ಕಟ್ಟಿಕೊಂಡ ದನಿಯೋ? ಬಕ್ಕೇಶ್ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ಕಾದ ಎಣ್ಣೆಗೆ ಮಿರ್ಚಿ ಬಿಟ್ಟಂಥ ಸದ್ದು. ಅದರ ತಳದಲ್ಲಿ ಏನೋ ಮನುಷ್ಯರ ಮಾತಿನಂತೆ ಏರಿಳಿಯುತ್ತಿತ್ತು. ಒಂದು ಪದವೂ ಬಿಡಿಯಾಗಿ ಕೇಳುತ್ತಿರಲಿಲ್ಲ.

ಕೆ.ಬಿ. ಬಡಾವಣೆಯ ಅವನ ಮನೆಯವರದು ಬಟ್ಟೆ ವ್ಯಾಪಾರ. ಫಿಸಿಕ್ಸ್ ಎಂ.ಎಸ್ಸಿ. ಮುಗಿಸಿದ ಬಕ್ಕೇಶನಿಗೆ ಅಂಗಡಿಯ ಮಾತಿಗಿಂತ ಮಹಡಿಕೋಣೆಯ ಹ್ಯಾಮ್ ರೇಡಿಯೋ, ಹವ್ಯಾಸಿಗಳು ದೂರದೂರುಗಳೊಡನೆ ಮಾತಾಡುವ ಯಂತ್ರ, ಹೆಚ್ಚು ಒಗ್ಗಿತ್ತು. ಅವನ ಜೊತೆಗೇ ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹರಿಹರದ ಹಮ್ಜಾ ಈಗ ಮಲ್ಪೆಗೆ ಹೊರಟ ಹಾಯಿದೋಣಿಯೊಂದರಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದ. ಹಿಂದಿನ ಸಂಜೆ ಕಾರವಾರದಿಂದ ಫೋನ್ ಮಾಡಿದ್ದ.

"ಹಾಯಿಕಂಬ ಎಳೆದು ಕಟ್ಟಿರೋ ತಂತೀನೇ ಆಂಟೆನಾ ಮಾಡೀನಿ ದೋಸ್ತ್. ಬೆಸುಗೆ ಮ್ಯಾಲೆ ನಂಗೆ ನಂಬ್ಕೆ ಇಲ್ಲ. ಬೆಳಿಗ್ಗೆ ಏಳಕ್ಕೆ ಕರೀತೀನಿ, ನಂಬರ್ ಹೇಳು. ಕಮ್ಮಿ ಬಂದ್ರೆ ಹೊನ್ನಾವರದಾಗೆ ನಿಲ್ಸಿ ರಿಪೇರಿ ಮಾಡ್ತೀವಿ. ಚೆಂದ ಬಂದ್ರೆ ದಡ ಬಿಟ್ಟು ಸೀದಾ ಮಲ್ಪೆ. ಅಲ್ಲಿ ಫೋನ್ ಸಿಗಾದಿಲ್ಲ."

ನಂಬರ್ ಎಂದರೆ ಎರಡು ಅಂಕಿ. ಮಾತು ಎಷ್ಟು ತಿಳಿಯಿತು ಎಂಬುದಕ್ಕೆ ಐದರೊಳಗೆ, ದನಿ ಎಷ್ಟು ಜೋರಿತ್ತು ಎಂಬುದಕ್ಕೆ ಒಂಬತ್ತರೊಳಗೆ. ಆದರೆ ಹ್ಯಾಮ್‌ಗಳಲ್ಲೊಂದು ರೂಢಿಯಿದೆ. ಮದುವೆ ಊಟ ಹೇಗಿತ್ತೆಂದು ಕೇಳಿದವರಿಗೆ ಚೆನ್ನಾಗಿತ್ತು ಅನ್ನುವ ಹಾಗೆ, ಯಾರು ಕೇಳಿದರೂ 'ಫೈವ್ ನೈನ್' ಎಂದುಬಿಡುವುದು.

"ಬಂದನೇನಪ್ಪಾ?" ಪಕ್ಕದ ಸ್ಟೂಲಿನಿಂದ ಸುಗ್ರಾಬಿ ಕೇಳಿದಳು. ಮಗನ ದನಿ ಕೇಳಲೆಂದು ಹಮ್ಜಾನ ತಾಯಿ ಮೊದಲ ಬಸ್ಸಿಗೇ ಹರಿಹರದಿಂದ ಬಂದಿದ್ದಳು.

ಅಷ್ಟರಲ್ಲಿ ಕೆಳಗೆ ಮಿಕ್ಸಿ ಶುರುವಾಯಿತು. ಇದ್ದ ಏರಿಳಿತವೂ ಮುಳುಗಿತು.

"ಅಮ್ಮಾ, ಮಿಕ್ಸಿ ಬಂದ್ ಮಾಡು!"

"ಚಟ್ನಿ ನಿನ್ನ ರೇಡಿಯೋದಾಗೆ ರುಬ್ಬಲೇನೋ?" ತಾಯಿ ಉಮಾಮಹೇಶ್ವರಿ ಕೆಳಗಿನಿಂದಲೇ ಕೂಗಿದಳು.

ಸುಗ್ರಾಬಿ ನಕ್ಕಳು. ನಗುವಾಗಲೂ ಅವಳ ಕಣ್ಣು ಬಕ್ಕೇಶನ ಮುಖ ಬಿಟ್ಟು ಕದಲಲಿಲ್ಲ. ಅವನು ಮೈಕಿನ ಗುಂಡಿ ಒತ್ತಿದ. "ಫೈವ್ ನೈನ್, ಹಮ್ಜಾ. ಫೈವ್ ನೈನ್. ಸ್ಪಷ್ಟ ಐತೆ."

"ಚೆಂದ ಅದಾನಾ?"

"ಅದಾನಮ್ಮ."

ಅವಳು ಚಟ್ನಿ ರೊಟ್ಟಿ ತಿಂದು ಬಸ್ಸು ಹತ್ತಿದಳು.

ಸಂಜೆ ಐದಕ್ಕೆ ಮತ್ತೆ ಮಾತಾಡುವುದೆಂದು ಗೊತ್ತುಮಾಡಿಕೊಂಡಿದ್ದರು. ಕರೆ ಬರಲಿಲ್ಲ. ಮರುದಿನ ಬೆಳಿಗ್ಗೆ ಬಕ್ಕೇಶ್ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ, ರೇಡಿಯೋವನ್ನು ಬ್ಯಾಟರಿಗೆ ಹಾಕಿದ. ಕಾದ ಎಣ್ಣೆಯ ಸದ್ದು ಒಮ್ಮೆಲೇ ಇಳಿಯಿತು. ಅಷ್ಟು ತಿಳಿಯಾದ ಮೌನವನ್ನು ಅವನು ಆ ಕೋಣೆಯಲ್ಲಿ ಕೇಳಿಯೇ ಇರಲಿಲ್ಲ. ಗದ್ದಲವೆಲ್ಲ ತನ್ನ ಮನೆಯ ಕರೆಂಟಿನದೇ ಆಗಿತ್ತಲ್ಲ! ನಿನ್ನೆಯೇ ಹೀಗೆ ಮಾಡಿದ್ದರೆ ಏನು ಕೇಳುತ್ತಿತ್ತು? ಆ ಮೌನದೊಳಗೆ ಪುಣೆಯವನೊಬ್ಬ ಹವಾಮಾನ ಹೇಳುತ್ತಿದ್ದ, ಕೇರಳದ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. ಒಂದೊಂದು ಉಸಿರೂ ಕೇಳುತ್ತಿತ್ತು. ಹಮ್ಜಾ ಇರಲಿಲ್ಲ.

ಸುಗ್ರಾಬಿಯ ಫೋನ್ ಬಂತು. "ಏನಂದ?"

"ಇವತ್ತು ಸಿಗ್ನಲ್ ಸರಿ ಇಲ್ಲಮ್ಮ. ಸಂಜಿಗೆ ನೋಡಾಣ."

ಸಂಜೆಯೂ ಅವನು ಮೇನ್ ಆರಿಸಿ ಕೂತ. ತಾಯಿ ಫ್ಯಾನಿಲ್ಲದೆ ಗೊಣಗುತ್ತಿದ್ದಾಗಲೇ ಮೊಬೈಲ್ ಹೊಡೆದುಕೊಂಡಿತು. ಮಲ್ಪೆಯಿಂದ ಹಮ್ಜಾ.

"ಬದುಕೀನಿ ಮಾರಾಯ! ನಡುನೀರಾಗೆ ಎಂಜಿನ್ ಕೈಕೊಡ್ತು, ಗಾಳೀನೂ ಬಿತ್ತು. ಇವತ್ತು ಮಧ್ಯಾಹ್ನ ಮೀನಿನ ಬೋಟ್‌ನೋರು ಎಳ್ಕೊಂಡು ಬಂದ್ರು. ಗಂಟಲು ಹರಿಯಂಗೆ ಕರೆದೆ, ಒಬ್ರೂ ಉತ್ರ ಕೊಡ್ಲಿಲ್ಲ. ಈಗ ನೋಡಿದ್ರೆ ಬೆಸುಗೆ ಬಿಟ್ಟೈತೆ."

"ಯಾವಾಗ ಬಿಟ್ಟಿತ್ತು?"

"ಯಾರಿಗ್ಗೊತ್ತು. ನೀನು ಫೈವ್ ನೈನ್ ಕೊಟ್ಟ ಮ್ಯಾಲೇನೇ ಬಿಟ್ಟಿರ್ಬೇಕು."

ಬಕ್ಕೇಶ್ ಮೊಬೈಲನ್ನು ಕಿವಿಗೆ ಒತ್ತಿಕೊಂಡ. ಆ ಕಡೆ ಅಲೆಯ ಸದ್ದು, ಯಾರೋ ಹಗ್ಗ ಎಸೆಯುವ ಸದ್ದು, ಎಲ್ಲವೂ ಸ್ವಚ್ಛವಾಗಿ ಕೇಳುತ್ತಿತ್ತು.

ಮುಂದಿನ ವಾರ ಹಮ್ಜಾ ಬಂದು, ಹ್ಯಾಮ್‌ಗಳ ಪದ್ಧತಿಯಂತೆ, ದೋಣಿಯೊಡನೆ ಮಾತಾಡಿದ್ದಕ್ಕೆ ಖಾತ್ರಿ ಕಾರ್ಡ್ ಕೇಳಿದ. "ದೋಣಿಯಿಂದ ಆಗಿದ್ದು ಅದೊಂದೇ ಮಾತುಕತೆ. ಅಮ್ಮ ಶೋಕೇಸ್‌ನಾಗೆ ಇಡ್ತಾಳಂತೆ, ದುಂಡಗೆ ಬರಿ."

ಬಕ್ಕೇಶ್ ತಾರೀಕು, ವೇಳೆ ಬರೆದ. ನಂಬರ್ ಬರೆಯುವ ಚೌಕದ ಹತ್ತಿರ ಪೆನ್ನು ನಿಂತಿತು.

"ಏನ್ ನೆನಪು ಮಾಡ್ಕೊಂತೀಯೋ? ಫೈವ್ ನೈನ್!" ಎಂದ ಹಮ್ಜಾ.

ಬಕ್ಕೇಶ್ 59 ಎಂದು ಬರೆದು, ಸಹಿ ಹಾಕಿ ಕೊಟ್ಟ.

ಅಂದು ಬೆಳಿಗ್ಗೆ ಅವನ ಒಂದು ಮಾತೂ ತನಗೆ ಕೇಳಿಸಿರಲಿಲ್ಲವೆಂದು ಬಕ್ಕೇಶ್ ಹಮ್ಜಾನಿಗೆ ಎಂದೂ ಹೇಳಲಿಲ್ಲ.