ಲಿಲ್ಲಿ ಗೆಡ್ಡೆಗಳು

"ಮತ್ತೆ ಬಂದಿತ್ತು," ಎಂದಳು ಅವಳು, ಮಣ್ಣಿನಿಂದ ತಲೆ ಎತ್ತದೆ.

ಹಿತ್ತಿಲ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಗಂಡ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಹತ್ತಿರ ಬಂದ. ಪಾತಿಯ ಮೂಲೆಯಲ್ಲಿ ಮಣ್ಣು ಕೆದರಿತ್ತು. ಮೊಣಕಾಲುದ್ದ ಬೆಳೆದಿದ್ದ ಲಿಲ್ಲಿ ಗಿಡವೊಂದು ಅಡ್ಡಬಿದ್ದಿತ್ತು. ಬುಡದಲ್ಲಿ ಗೆಡ್ಡೆಯಿರಲಿಲ್ಲ, ತೆಳ್ಳನೆಯ ಬಿಳಿ ಸಿಪ್ಪೆಗಳು ಮಾತ್ರ ಅಲ್ಲಲ್ಲಿ ಚೆಲ್ಲಿದ್ದವು.

"ಅಳಿಯಂದಿರು ರಾತ್ರಿ ಊಟ ಮುಗಿಸಿ ಹೋಗಿದಾರೆ," ಎಂದ ಅವನು. ಗುಡ್ಡದಿಂದ ಇಳಿದು ಬರುವ ಮುಳ್ಳುಹಂದಿಯದೇ ಕೆಲಸ ಎಂದು ಅವನ ತೀರ್ಮಾನ. "ನಾನೂ ಈ ಮನೆ ಅಳಿಯನೇ. ನನಗೆ ಯಾವತ್ತು ಇಷ್ಟು ಉಪಚಾರ ಆಗಿದೆ ಹೇಳು."

ಅವಳು ನಗಲಿಲ್ಲ.

ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಹಿಂದೆ ನಡುಮನೆ, ಪಕ್ಕದಲ್ಲಿ ಅಡುಗೆಮನೆ, ಹಿಂಬದಿಗೆ ಅಂಗೈಯಗಲದ ಹಿತ್ತಿಲು. ಹಿತ್ತಿಲ ಮುಕ್ಕಾಲು ಭಾಗ ಲಿಲ್ಲಿ ಪಾತಿಯೇ. ಅದನ್ನು ಉಳಿಸಿಕೊಳ್ಳಲು ಅವಳು ಮಾಡದ ಉಪಾಯವಿಲ್ಲ. ಕೆಂಪು ಜೀರುಂಡೆಗಳನ್ನು ಒಂದೊಂದಾಗಿ ಹೆಕ್ಕಿ ಸೋಪಿನ ನೀರಿಗೆ ಹಾಕುತ್ತಿದ್ದಳು. ತಮ್ಮದೇ ಹೊಲಸನ್ನು ಮೈಗೆ ಮೆತ್ತಿಕೊಂಡು ಎಲೆಯಡಿ ಅಡಗಿರುವ ಮರಿಹುಳುಗಳನ್ನು ಬಟ್ಟೆಯ ಚೂರಿನಿಂದ ಒರೆಸಿ ತೆಗೆಯುತ್ತಿದ್ದಳು. ಮೊಲಗಳು ಬಾರದಿರಲೆಂದು ಸುತ್ತ ಗಿಡ್ಡ ಜಾಲರಿ ಹೊಡೆಸಿದ್ದಳು. ಗೆಡ್ಡೆ ಕದಿಯುವ ಪ್ರಾಣಿ ಜಾಲರಿಗೂ ಜಗ್ಗದಿದ್ದಾಗ, ಎದುರಿನ ಕಟಿಂಗ್ ಶಾಪಿನಿಂದ ಕೂದಲು ತಂದು ಗಿಡದ ಬುಡಕ್ಕೆ ಹರಡಿದಳು. ಮನುಷ್ಯರ ವಾಸನೆ ಬಡಿದರೆ ಕಾಡುಪ್ರಾಣಿ ಹತ್ತಿರ ಸುಳಿಯುವುದಿಲ್ಲವಂತೆ. "ಇಡೀ ಬೀದಿಯವರ ತಲೆ ಈಗ ನಿಮ್ಮ ಹಿತ್ತಿಲಲ್ಲೇ ಇದೆ ಬಿಡಿ, ಟೈಲರಮ್ಮ," ಎಂದು ಅಂಗಡಿಯವನು ನಗುತ್ತ ಚೀಲ ತುಂಬಿಸಿ ಕೊಟ್ಟಿದ್ದ. ಪ್ರಾಣಿ ಅದಕ್ಕೂ ಹೆದರಲಿಲ್ಲ.

ಇಷ್ಟೆಲ್ಲ ಹೂವಿನ ಆಸೆಗಲ್ಲ. ಪಾತಿ ಮಾಡಿದ್ದು ಅವಳ ಅಮ್ಮ, ಕೈಕಾಲೂ ನೆನಪೂ ಗಟ್ಟಿಯಿದ್ದ ಕಾಲದಲ್ಲಿ. ಈಗ ಅಮ್ಮನ ಕಣ್ಣಿಗೆ ಮಗಳು ಒಮ್ಮೆ ನರ್ಸು, ಒಮ್ಮೆ ಎಂದೋ ತೀರಿಹೋದ ತಂಗಿ, ಹೆಚ್ಚು ಹೊತ್ತು ಯಾರೂ ಅಲ್ಲ. ಆದರೆ ಹೋದ ವರ್ಷ ಲಿಲ್ಲಿ ಅರಳಿದ ಬೆಳಿಗ್ಗೆ ಅಮ್ಮ ಪಾತಿಯ ಮುಂದೆ ನಿಂತು, ಆ ಪರಿಮಳವನ್ನು ಎದೆತುಂಬ ಎಳೆದುಕೊಂಡು, ತಟ್ಟನೆ ಹಿಂತಿರುಗಿ, "ಪುಟ್ಟಿ, ಇದಕ್ಕೊಂದು ಕೋಲು ಕೊಟ್ಟು ಕಟ್ಟೇ, ಬಾಗ್ತಾ ಇದೆ," ಎಂದಿದ್ದಳು. ಅಷ್ಟೇ ಅಲ್ಲ, ಅಳಿಯ ಡ್ಯೂಟಿಗೆ ಹೋದನೇ ಎಂದು ವಿಚಾರಿಸಿದಳು, ಮಗಳ ಕೈಹೊಲಿಗೆ ನೋಡಿ ಟಾಕು ಉದ್ದವಾಯಿತೆಂದು ಬೈದಳು. ಮಧ್ಯಾಹ್ನ ಮಲಗಿ ಎದ್ದಾಗ ಮತ್ತೆ ಎಲ್ಲ ಅಳಿಸಿಹೋಗಿತ್ತು. ಅಂಥದ್ದೊಂದು ಬೆಳಿಗ್ಗೆ ಇನ್ನೊಂದು ಸಿಗಲಿ ಎಂದು ಟೈಲರಮ್ಮ ವರ್ಷವಿಡೀ ಮೊಗ್ಗು ಕಾದಿದ್ದಳು.

ಅಮ್ಮನನ್ನು ಕಾಯುವುದು ಪಾತಿ ಕಾಯುವುದಕ್ಕಿಂತ ಕಷ್ಟವಾಗಿತ್ತು. ಸಕ್ಕರೆ ಕಾಯಿಲೆ ಬೇರೆ. ತಿಂದದ್ದು ಮರೆತು ಮತ್ತೆ ತಿನ್ನುತ್ತಿದ್ದಳು. ಒಮ್ಮೆ ಹಸಿ ಹಿಟ್ಟನ್ನೇ ಮುಕ್ಕಿ ಉಸಿರು ಸಿಕ್ಕಿಕೊಂಡಿತ್ತು, ಇನ್ನೊಮ್ಮೆ ಒಲೆ ಹಚ್ಚಲು ಹೋಗಿ ತೋಳು ಸುಟ್ಟುಕೊಂಡಿದ್ದಳು. ಅಂದಿನಿಂದ ಅಡುಗೆಮನೆಗೆ ಬೀಗ ಬಿತ್ತು, ಊಟಕ್ಕೆ ಅಳತೆ ಬಂತು. ಅಮ್ಮ ದಿನವಿಡೀ ಹಸಿವು ಹಸಿವು ಎನ್ನುತ್ತಿದ್ದಳು.

"ಆಗ್ಲೇ ತಿಂದ್ಯಲ್ಲಮ್ಮ."

"ತಿಂದ್ನಾ?"

"ತಿಂದೆ. ಮರ್ತಿದೀಯ ಅಷ್ಟೆ."

ಅಮ್ಮ ನಂಬುತ್ತಿದ್ದಳು. ತುಸು ಹೊತ್ತು ಬಿಟ್ಟು ಮತ್ತೆ ಕೇಳುತ್ತಿದ್ದಳು. ಕೇಳಿಸಿಕೊಳ್ಳಲಾಗದೆ ಮಗಳು ಮಧ್ಯಾಹ್ನದ ಹೊತ್ತು ಅವಳನ್ನು ಹಿತ್ತಿಲ ಕುರ್ಚಿಯಲ್ಲಿ ಬಿಸಿಲಿಗೆ ಕೂರಿಸಿ, "ಲಿಲ್ಲಿ ನೋಡ್ಕೋ, ಏನಾದ್ರೂ ಬಂದ್ರೆ ಓಡಿಸು," ಎಂದು ಹೇಳಿ ಯಂತ್ರದ ಮುಂದೆ ಕೂರುತ್ತಿದ್ದಳು. ಯಂತ್ರದ ಸದ್ದಿಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಸಂಜೆ ಕತ್ತಲಾಗುವವರೆಗೂ ಹೊಲಿಗೆ. ಅಮ್ಮನನ್ನು ಕೈಹಿಡಿದು ಒಳಗೆ ತರುವಾಗ ಪಾತಿಯನ್ನು ನೋಡುವಷ್ಟು ಬೆಳಕೂ ಇರುತ್ತಿರಲಿಲ್ಲ. ನೀರು ಹಾಕುವುದು ಬೆಳಿಗ್ಗೆ. ಪಾತಿಯ ಗುಂಡಿ ಕಾಣುತ್ತಿದ್ದುದೂ ಆಗಲೇ.

ಮಾರನೆಯ ದಿನ ಗಂಡ ಡ್ಯೂಟಿಯಿಂದ ಬರುವಾಗ ಗೊಬ್ಬರದ ಅಂಗಡಿಯಿಂದ ಹುಳು ಕೊಲ್ಲುವ ಹರಳು ವಿಷ ತಂದ. ಬಸ್ ಡ್ರೈವರನಾದ ಅವನಿಗೆ ಯಾವುದನ್ನೂ ಎಳೆದಾಡುತ್ತ ಕೂರುವುದು ಆಗದು.

"ಬುಡದ ಮಣ್ಣಿಗೆ ಬೆರೆಸಿದ್ರೆ ಹುಳಾನೂ ಸಾಯುತ್ತೆ, ಗೆಡ್ಡೆ ಕಚ್ಚಿದ್ದೂ ಸಾಯುತ್ತೆ."

"ಅಮ್ಮ ಅಲ್ಲೇ ಕೂತಿರ್ತಾಳಲ್ರೀ."

"ಅತ್ತೆ ಏನು ಮಣ್ಣು ತಿಂತಾರಾ?"

ಮೊಗ್ಗುಗಳು ಆಗಲೇ ಬೆರಳುದ್ದ ಬೆಳೆದು ತುದಿ ಬೆಳ್ಳಗಾಗುತ್ತಿದ್ದವು. ಮರುದಿನ ಬೆಳಿಗ್ಗೆ ಅವಳು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಪ್ರತಿ ಗಿಡದ ಬುಡಕ್ಕೂ ತಾನೇ ಹರಳು ಬೆರೆಸಿ, ಮಣ್ಣು ಮುಚ್ಚಿ, ಕೈ ಎರಡೆರಡು ಸಲ ತೊಳೆದಳು.

ಅಂದು ಮಧ್ಯಾಹ್ನ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಾಗ ಸೂಜಿ ಮುರಿಯಿತು. ಹೊಸ ಸೂಜಿ ಹುಡುಕುವಾಗ ಮನೆ ಒಮ್ಮೆಗೇ ನಿಶ್ಶಬ್ದವಾದಂತಾಗಿ ಹಿತ್ತಿಲ ಕಡೆ ನಡೆದಳು.

ಕುರ್ಚಿ ಖಾಲಿಯಿತ್ತು. ಅಮ್ಮ ಜಾಲರಿಯ ಒಳಗೆ, ಪಾತಿಯ ಅಂಚಿನಲ್ಲಿ ಕಾಲು ಚಾಚಿ ಕೂತಿದ್ದಳು. ಹೆಬ್ಬೆರಳ ಉಗುರಿನಿಂದ ಗೆಡ್ಡೆಯ ಸಿಪ್ಪೆ ಬಿಡಿಸುತ್ತಿದ್ದಳು, ಒಂದು ಪದರ, ಆಮೇಲೆ ಇನ್ನೊಂದು ಪದರ, ಹಿಂದೆ ಅಡುಗೆಮನೆಯಲ್ಲಿ ಈರುಳ್ಳಿ ಬಿಡಿಸುತ್ತಿದ್ದ ಅದೇ ಅಚ್ಚುಕಟ್ಟಿನಲ್ಲಿ. ತುಟಿಯ ಮೇಲೆ ಮಣ್ಣಿತ್ತು. ಮಗಳನ್ನು ಕಂಡು ಗೆಡ್ಡೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ನಾನಲ್ಲ. ನಾನು ತಗೊಂಡಿಲ್ಲ."

ಅವಳ ಬಾಯಿಂದ ಜೊಲ್ಲು ದಾರವಾಗಿ ಇಳಿಯುತ್ತಿತ್ತು. ಹಣೆಯೆಲ್ಲ ಬೆವರು. ಮಗಳು ಅವಳ ಗಂಟಲಿಗೆ ಬೆರಳು ಹಾಕಿದಳು. ಅಮ್ಮ ಕಚ್ಚಿದಳು, ಒದ್ದಳು, ಕಡೆಗೆ ಅವಳ ಮಡಿಲಿಗೇ ಕಾರಿಕೊಂಡಳು. ಟೈಲರಮ್ಮನ ಕೂಗಿಗೆ ಕಟಿಂಗ್ ಶಾಪಿನವನು ಕತ್ತರಿ ಹಿಡಿದೇ ಓಡಿಬಂದ. ಅವನ ಹಿಂದೆ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡಿದ್ದ ಗಿರಾಕಿ. ಇಬ್ಬರೂ ಸೇರಿ ಅಮ್ಮನನ್ನು ಎತ್ತಿ ಬೀದಿಯಲ್ಲಿ ನಿಂತಿದ್ದ ವ್ಯಾನಿನಲ್ಲಿ ಮಲಗಿಸಿದರು. ನೊರೆ ಒಣಗಿ ಕೆನ್ನೆ ಬಿಗಿಯುತ್ತಿದ್ದರೂ ಆ ಗಿರಾಕಿ ಆಸ್ಪತ್ರೆ ಬರುವವರೆಗೂ ಅದುರುತ್ತಿದ್ದ ಅಮ್ಮನ ಕಾಲುಗಳನ್ನು ಅದುಮಿ ಹಿಡಿದೇ ಇದ್ದ.

"ಯಾವ ವಿಷ? ಯಾರು ಹಾಕಿದ್ದು?" ಎಂದು ಡಾಕ್ಟರು ಕೇಳಿದರು.

"ನಾನೇ," ಎಂದಳು. ಗಂಡ ಯೂನಿಫಾರ್ಮಿನಲ್ಲೇ ಬಂದು ಗೋಡೆಗೊರಗಿ ನಿಂತಿದ್ದ. "ತಂದಿದ್ದು ನಾನು ಸಾರ್," ಎಂದ. ಅದನ್ನು ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಜೀವ ಉಳಿಯಿತು. ಆದರೆ ಮೂತ್ರಪಿಂಡ ಸೋತಿದೆ, ಹೃದಯ ದಣಿದಿದೆ, ಹೆಚ್ಚು ದಿನದ ಭರವಸೆ ಬೇಡ ಎಂದು ಡಾಕ್ಟರು ಹೇಳಿದರು. ಆಮೇಲೆ ಮಗಳೊಬ್ಬಳನ್ನೇ ಕರೆದು, "ಊಟ ಎಷ್ಟು ಕೊಡ್ತಿದ್ರಿ?" ಎಂದರು. ಅವಳು ಕೊಡುತ್ತಿದ್ದ ಅಳತೆಯನ್ನು ಕೈಯಲ್ಲಿ ತೋರಿಸಿದಳು.

ಡಾಕ್ಟರು ಆ ಕೈಯನ್ನೇ ನೋಡಿದರು. "ಸಕ್ಕರೆ ಏನೋ ಹಿಡಿತದಲ್ಲಿದೆ. ಆದ್ರೆ ಮೈಯಲ್ಲಿ ಏನೂ ಉಳಿದಿಲ್ಲ. ಮರೆವಿನವರು ಸುಮ್ಮನೆ ಕೇಳ್ತಾರೆ ಅಂತ ನಾವು ಅಂದ್ಕೋತೀವಿ. ಇವರಿಗೆ ನಿಜವಾಗ್ಲೂ ಹಸಿವಾಗ್ತಿತ್ತಮ್ಮ."

ಅವಳು ತಲೆಯಾಡಿಸಿದಳು. ಹೊರಗೆ ಬಂದು ಬೆಂಚಿನ ಮೇಲೆ ಕೂತು, ಎದ್ದು, ಮತ್ತೆ ಕೂತಳು. ಅಳು ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಗಂಡ ಬಟ್ಟೆ ತಂದವನು ಹಾಸಿಗೆಯ ಬಳಿ ನಿಂತ. ತಮಾಷೆಯ ಮಾತು ಅವನ ಬಾಯಿಂದ ಈಚೆಗೆ ಹೊರಟೇ ಇರಲಿಲ್ಲ.

"ಉಳಿದಿದ್ದವು ಅರಳಿವೆ," ಎಂದ ಮೆಲ್ಲಗೆ. "ಒಂದು ಕಿತ್ತು ತರ್ಲಾ? ಅತ್ತೆ ನೋಡಿದ್ರೆ ಏನಾದ್ರೂ..."

"ಬೇಡ."

"ಕೆಂಪು ಹುಳ ಮುತ್ಕೊಂಡಿದೆ. ಎಲೆಯೆಲ್ಲ ಜರಡಿ. ಏನ್ಮಾಡ್ಲಿ?"

"ತಿನ್ಲಿ ಬಿಡಿ," ಎಂದಳು.

ಅವನು ಹೋದ ಮೇಲೆ ಅವಳು ದಿಂಬಿಗೊರಗಿಸಿದ್ದ ಅಮ್ಮನಿಗೆ ಗಂಜಿ ತಿನ್ನಿಸತೊಡಗಿದಳು. ಅಮ್ಮ ನುಂಗುತ್ತ ನುಂಗುತ್ತ ಅವಳ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಪಕ್ಕದ ಹಾಸಿಗೆಯವರಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದಳು.

"ನೀವು ತುಂಬಾ ಒಳ್ಳೆಯವರು. ಕೇಳಿದಷ್ಟೂ ಕೊಡ್ತೀರಿ."

ಅವಳು ಇನ್ನೊಂದು ಚಮಚ ತುಂಬಿ ಬಾಯಿಗಿಟ್ಟಳು.

"ನಮ್ಮನೇಲಿ ಒಬ್ಬಳಿದಾಳೆ. ಏನು ಕೇಳಿದ್ರೂ ಆಗ್ಲೇ ತಿಂದೆ ಅಂತಾಳೆ. ನನ್ನ ಅಲ್ಲಿಗೆ ಕಳಿಸ್ಬೇಡಿ, ಆಯ್ತಾ?"

"ಇಲ್ಲ," ಎಂದಳು ಮಗಳು. "ಕಳಿಸಲ್ಲ."

ಬಟ್ಟಲ ಅಂಚಿಗೆ ಅಂಟಿದ್ದನ್ನು ಬಳಿದು, ಬಿಸಿಯಿದೆಯೇನೋ ಎಂದು ಊದಿದಳು. ಚಮಚ ಹತ್ತಿರ ಬರುವ ಮೊದಲೇ ಅಮ್ಮ ಬಾಯಿ ತೆರೆದಿದ್ದಳು.