ಉಗುರುಬಣ್ಣದ ಚುಕ್ಕೆಗಳು

ಅಪ್ಪನ ಗಿಟಾರಿನ ಸದ್ದು ಈಚೆಗೆ ತನಗೆ ಹಿಡಿಸುತ್ತಿಲ್ಲ ಎಂಬುದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ತನಗೆ ತಾನೇ ಒಪ್ಪಿಕೊಂಡಿದ್ದು ಕೂಡ ಈ ಬೆಳಿಗ್ಗೆಯೇ, ಅಪ್ಪನ ಪೆಡಲುಗಳ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾಗ. ಮೇಲಿನ ಸ್ವರಗಳು ಬಂದರೆ ಸಾಕು, ತಟ್ಟೆಯನ್ನು ಚಮಚದಿಂದ ಕೆರೆದ ಹಾಗೆ ಹಲ್ಲು ಜುಮ್ಮೆನ್ನುತ್ತಿತ್ತು. ಅಷ್ಟೇ. ಅದೇನು ಹೇಳಿಕೊಳ್ಳುವಂಥ ಸಂಕಟವೂ ಅಲ್ಲ. ಆದರೂ ಸ್ವಂತ ಮನೆಯಲ್ಲೇ ಏನೋ ಕದ್ದವಳಂತೆ ಅವಳ ಮುಖ ಬಿಸಿಯಾಯಿತು.

ಕಾಲಲ್ಲಿ ಒತ್ತುವ ಆ ಪುಟ್ಟ ಡಬ್ಬಗಳು ಹಳೆಯ ಬೀರುವಿನ ಬಾಗಿಲ ಮೇಲೆ ಸಾಲಾಗಿ ಕೂತಿದ್ದವು. ಬಾಗಿಲನ್ನು ಅರ್ಧಕ್ಕೆ ಕೊಯ್ದು ಹಲಗೆ ಮಾಡಿಕೊಂಡವನು ಅಪ್ಪನೇ. ಬೀಗದ ಕಿಂಡಿ ಹಾಗೇ ಉಳಿದಿತ್ತು. ಕರೆಂಟಿನ ವೈರು ಅದರೊಳಗಿಂದ ತಲೆ ಹೊರಗೆ ಹಾಕಿತ್ತು. ಒಂದು ಪೆಡಲು ಗಿಟಾರಿನ ದನಿಯನ್ನು ಒಡೆದು ಒರಟು ಮಾಡುತ್ತಿತ್ತು, ಇನ್ನೊಂದು ಪ್ರತಿಧ್ವನಿ ಕೊಡುತ್ತಿತ್ತು, ಮತ್ತೊಂದು ಒಂದೇ ಗಿಟಾರನ್ನು ಎರಡು ಮೂರು ಮಂದಿ ನುಡಿಸಿದಂತೆ ಮಾಡುತ್ತಿತ್ತು. ಪೇಟೆಯ ಹೋಟೆಲಿನ ಊಟದ ಹಾಲಿನಲ್ಲಿ ಅಪ್ಪನ ಬ್ಯಾಂಡು ಸಂಜೆ ಹೊತ್ತು ನುಡಿಸುತ್ತಿತ್ತು. ಈ ಹಲಗೆಯನ್ನು ಮೆಟ್ಟಿಲು ಹತ್ತಿಸಿ ಇಳಿಸಿಯೇ ಅಪ್ಪನ ಬೆನ್ನು ಬಿದ್ದುಹೋಗಿತ್ತು.

ಹಲಗೆಯ ಪಕ್ಕದಲ್ಲಿ ಹೊಸ ಪ್ರೊಸೆಸರು ಇತ್ತು. ಹೊಸದೆಂದರೆ ಈ ಮನೆಗೆ ಹೊಸದು. ಬ್ಯಾಂಡಿನ ಡ್ರಮ್ಮರು ಅದನ್ನು ಯಾರದೋ ಕೈಯಿಂದ ಕೊಂಡುತಂದಿದ್ದ. ಅಪ್ಪನ ಹಳೆಯ ಗೆಳೆಯ. ಊರೆಲ್ಲ ಅವನನ್ನು ಗುಡುಗು ಎಂದೇ ಕರೆಯುತ್ತಿತ್ತು, ಅವಳಿಗೆ ಗುಡುಗು ಮಾಮ. ಆ ಅಷ್ಟೂ ಪೆಡಲುಗಳ ಕೆಲಸವನ್ನು ಈ ಒಂದೇ ಚಪ್ಪಟೆ ಪೆಟ್ಟಿಗೆ ಮಾಡುತ್ತದೆ, ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು, ಇನ್ನು ಕತ್ತೆಯ ಹಾಗೆ ಹೊರುವುದು ಬೇಡ ಎಂದು ವಾರಗಟ್ಟಲೆ ಬೆನ್ನು ಹತ್ತಿದ ಮೇಲೆ ಅಪ್ಪ ಒಪ್ಪಿದ್ದ. ಒಪ್ಪಿದವನು ಅದರ ಪುಟ್ಟ ಪರದೆಯ ಮೇಲೆ ಬಾಗಿ ನೋಡಿ, "ಇದನ್ನ ಇರುವೆಗಳು ಓದ್ಲಿ ಅಂತ ಬರೆದಿದಾರೆ," ಎಂದು ಅವಳತ್ತ ತಳ್ಳಿದ್ದ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದೀಯಲ್ಲ, ಓದಿದ್ದು ಇದಕ್ಕಾದರೂ ಬರಲಿ ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ಮಾತು ಮಾತ್ರ ಒಳಗೆಲ್ಲೋ ಮುಳ್ಳಿನ ಹಾಗೆ ಉಳಿಯಿತು.

ಅದಕ್ಕೆ ಉತ್ತರವಾಗಿ ಏನೋ ಹೇಳಿದ್ದಳು ಕೂಡ. ಅಪ್ಪನಿಗೆ ಕೇಳಿಸಲಿಲ್ಲ. ಅವಳ ದನಿ ಮೊದಲೇ ಸಣ್ಣದು. ಈಗೀಗ ಅಪ್ಪ ಮಾತುಮಾತಿಗೂ, "ಮಾತನ್ನ ಗಂಟಲಿಂದ ಆಚೆ ಬಿಡು ಮರೀ, ತೆರಿಗೆ ಹಾಕಲ್ಲ," ಎನ್ನುತ್ತಿದ್ದ. ಮನೆಯಲ್ಲಿ ಅದೊಂದು ತಮಾಷೆಯೇ ಆಗಿಹೋಗಿತ್ತು. ಕೆಲಸದ ಸಂದರ್ಶನಕ್ಕೆ ಕರೆದ ಕಡೆಯಿಂದೆಲ್ಲ ಬರಿಗೈಯಲ್ಲಿ ಬಂದ ಮೇಲೆ ಅವಳಿಗೂ ಹಾಗೇ ಅನ್ನಿಸಿತ್ತು: ತನ್ನ ದನಿ ದಿನದಿಂದ ದಿನಕ್ಕೆ ಸವೆಯುತ್ತಿದೆ, ಒಂದು ದಿನ ತುಟಿ ಮಾತ್ರ ಅಲ್ಲಾಡುತ್ತದೆ.

ಅಪ್ಪ ತಂತಿ ಕೊಳ್ಳಲು ಹೊರಗೆ ಹೋಗಿದ್ದ. ಅವಳು ಒಂದೊಂದೇ ಪೆಡಲಿನ ನಾಬುಗಳು ಎಷ್ಟು ತಿರುಗಿವೆ ಎಂದು ನೋಡಿ, ಪ್ರೊಸೆಸರಿನಲ್ಲಿ ಅಷ್ಟಷ್ಟೇ ತುಂಬುತ್ತ ಹೋದಳು. ತುಂಬಿ ಗಿಟಾರಿನ ಮೇಲೆ ಕೈ ಎಳೆದರೆ ಅದೇ ಸದ್ದು, ಅದೇ ಜುಮ್ಮು. ತಾನೇನಾದರೂ ತಪ್ಪು ಮಾಡಿದೆನೇ ಎಂದು ಪೆಡಲುಗಳ ಮೇಲೆ ಮತ್ತೆ ಬಾಗಿದಾಗ ಚುಕ್ಕೆಗಳು ಕಂಡವು.

ಚುಕ್ಕೆಗಳು ಯಾವಾಗಲೂ ಇದ್ದವು. ಹೋಟೆಲಿನವರು ವೇದಿಕೆ ಒರೆಸುವಾಗ ನಾಬುಗಳನ್ನೆಲ್ಲ ತಿರುಗಿಸಿಬಿಡುತ್ತಾರೆ, ಮಂದ ಬೆಳಕಿನಲ್ಲಿ ಎಲ್ಲಿತ್ತೆಂದು ತಿಳಿಯುವುದಿಲ್ಲ ಎಂದು ಅಪ್ಪ ಗೊಣಗಿದ್ದಕ್ಕೆ, ಮದುವೆಯಾದ ಹೊಸದರಲ್ಲಿ ಅಮ್ಮ ತನ್ನ ಕೆಂಪು ಉಗುರುಬಣ್ಣದಿಂದ ಒಂದೊಂದು ನಾಬಿನ ಪಕ್ಕ ಒಂದೊಂದು ಚುಕ್ಕೆ ಇಟ್ಟಿದ್ದಳಂತೆ. ನಾಬಿನ ಗೆರೆ ಚುಕ್ಕೆಗೆ ತಾಗಿದರೆ ಸದ್ದು ಸರಿ. ಅವಳು ಇವತ್ತು ಕಂಡದ್ದು ಬೇರೆ. ಪ್ರತಿಧ್ವನಿಯ ನಾಬುಗಳು ಚುಕ್ಕೆಯ ಮೇಲೇ ಇದ್ದವು. ಜೋರಿನ ನಾಬುಗಳೂ ಹೆಚ್ಚುಕಮ್ಮಿ ಅಲ್ಲೇ. ಸದ್ದನ್ನು ಚೂಪು ಮಾಡುವ ನಾಬುಗಳು ಮಾತ್ರ ಚುಕ್ಕೆ ಬಿಟ್ಟು ದೂರ ಬಂದಿದ್ದವು, ಎಲ್ಲವೂ ಬಲಕ್ಕೆ. ಒಂದಂತೂ ಇನ್ನು ತಿರುಗಲು ಜಾಗವಿಲ್ಲದೆ ಕೊನೆಗೆ ಹೋಗಿ ಆತುಕೊಂಡಿತ್ತು.

ಅವಳು ಎಲ್ಲವನ್ನೂ ಚುಕ್ಕೆಗೆ ತಂದಳು. ಗಿಟಾರಿನ ವೈರನ್ನು ಹಳೆಯ ಹಲಗೆಗೆ ಚುಚ್ಚಿ, ಅಪ್ಪ ಚಿಕ್ಕಂದಿನಲ್ಲಿ ಕಲಿಸಿದ ಒಂದೇ ಒಂದು ರಾಗವನ್ನು ಮೆಲ್ಲಗೆ ಮೀಟಿದಳು. ಹಲ್ಲು ಸುಮ್ಮನಿತ್ತು. ಅಪ್ಪ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನುಡಿಸುತ್ತಿದ್ದ ಕಾಲದ ಸದ್ದು, ಬೆಚ್ಚಗೆ, ದುಂಡಗೆ, ಇಡೀ ಕೋಣೆ ತುಂಬಿತು. ಕೈ ತಂತಿಯ ಮೇಲೆ ಹಾಗೇ ನಿಂತಿತು. ಅಪ್ಪ ಇಟ್ಟ ಟೀವಿಯ ಸದ್ದಿಗೆ ಪಕ್ಕದ ಮನೆಯವರು ಗೋಡೆ ತಟ್ಟಿದ್ದು, ಕರೆಗಂಟೆ ಕೆಟ್ಟಿದೆ ಎಂದು ಅಪ್ಪ ಅದನ್ನು ಎರಡು ಸಲ ಬಿಚ್ಚಿ ಕೂಡಿಸಿದ್ದು, ಎಲ್ಲ ಒಂದರ ಹಿಂದೊಂದು ನೆನಪಿಗೆ ಬಂದವು.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅಪ್ಪ ಅಭ್ಯಾಸಕ್ಕೆ ಕೂತಾಗಲೆಲ್ಲ ಹೊಗೆ ಹೊರಗೆ ಬರುತ್ತದೆಂದು ಆ ಬಾಗಿಲು ಮುಚ್ಚಿಕೊಳ್ಳುತ್ತಿದ್ದವಳು. ಈಗ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ, ಮಗಳನ್ನಲ್ಲ, ನಾಬುಗಳನ್ನು ನೋಡಿದಳು.

"ನಿನಗೆ ಗೊತ್ತಿತ್ತಾ?" ಎಂದಳು ಅವಳು.

"ನೋಡಿದ್ರೂ ನೋಡದ ಹಾಗೆ ಇರು," ಅಂದಳು ಅಮ್ಮ. "ಇದೊಂದು ಬಿಟ್ರೆ ನಿಮ್ಮಪ್ಪನಿಗೆ ಬೇರೆ ಏನಿದೆ?"

ಸ್ವಲ್ಪ ಹೊತ್ತಿಗೆ ಗುಡುಗು ಮಾಮ ಬಂದ. ಅಪ್ಪನ ಚಪ್ಪಲಿ ಬಾಗಿಲಲ್ಲಿ ಇಲ್ಲದ್ದನ್ನು ನೋಡಿಕೊಂಡೇ ಒಳಗೆ ಕಾಲಿಟ್ಟ. ಹೆಸರಿಗೆ ಗುಡುಗು, ಇವತ್ತು ದನಿಯೇ ಏಳಲಿಲ್ಲ. ಗಿಟಾರು ಕಿವಿ ಕೊರೆಯುತ್ತದೆ ಎಂದು ಊಟಕ್ಕೆ ಬಂದವರು ಮೇಜು ಬದಲಿಸುತ್ತಿದ್ದಾರಂತೆ. ಇನ್ನೊಂದು ದೂರು ಬಂದರೆ ಗಿಟಾರೇ ಬೇಡ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದಾನಂತೆ. ಪೆಡಲಿನ ನಾಬು ತಿರುಗಿಸಿದರೆ ಅಪ್ಪನ ಕಣ್ಣಿಗೆ ಬೀಳುತ್ತದೆ, ಪ್ರೊಸೆಸರಿನಲ್ಲಾದರೆ ಎಲ್ಲ ಒಳಗೇ ಇರುತ್ತದೆ ಎಂದು ತಿಳಿದೇ ಅವನು ಅದನ್ನು ತಂದದ್ದು.

"ಒಂಚೂರು ಮೊಂಡು ಮಾಡಿಬಿಡಮ್ಮ. ಅವನಿಗೆ ಗೊತ್ತಾಗೋದು ಬೇಡ."

ನೀವೇ ಹೇಳಬಹುದಲ್ಲ ಮಾಮ, ಎಂದು ಅವಳು ಕೇಳಿದ್ದು ಅವಳಿಗೇ ಆಶ್ಚರ್ಯವಾಯಿತು.

"ಯಾವ ಬಾಯಲ್ಲಿ ಹೇಳ್ಲಿ? ಇಷ್ಟು ವರ್ಷ ಅವನ ಕಿವಿ ಪಕ್ಕ ಕೂತು ಡ್ರಮ್ಮಿನ ತಟ್ಟೆ ಬಡಿದೋನು ನಾನು." ಅವನು ನೀರು ಕೂಡ ಕುಡಿಯದೆ ಮೆಟ್ಟಿಲಿಳಿದು ಹೋದ.

ಪ್ರೊಸೆಸರಿನ ಪರದೆಯ ಪುಟಗಳನ್ನು ಒಂದೊಂದೇ ದಾಟಿಕೊಂಡು ಹೋದರೆ ಕೊನೆಯಲ್ಲಿ ಒಂದು ಜಾಗವಿತ್ತು. ಅಲ್ಲಿ ಮಾಡಿದ ಬದಲಾವಣೆ ಜರಡಿಯ ಹಾಗೆ. ಯಾವ ಹಾಡಿಗೆ ಏನೇ ಒತ್ತಿದರೂ ಸದ್ದು ಅದರ ಮೂಲಕವೇ ಹೊರಗೆ ಬರಬೇಕು. ಇರುವೆಯ ಅಕ್ಷರ ಓದಲಾರದ ಅಪ್ಪ ಅಲ್ಲಿಗೆ ಎಂದೂ ತಲುಪಲಾರ. ಅವಳು ಚೂಪನ್ನು ಇಳಿಸಿದಳು. ಇದು ಒಳ್ಳೆಯ ಕೆಲಸವೇ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಪರದೆಯನ್ನು ಮೊದಲ ಪುಟಕ್ಕೆ ತಂದಿಟ್ಟಳು.

ಅಪ್ಪ ಬಂದವನೇ ತಂತಿ ಬದಲಿಸಿ ಸ್ಟೂಲಿನ ಮೇಲೆ ಕೂತ. ಪ್ರೊಸೆಸರಿನ ಮೇಲೆ ಪಾದವಿಟ್ಟು ಒಂದು ಗುಂಡಿ ಒತ್ತಿದ. ಮೊದಲ ಸಾಲಿಗೇ ಅವಳ ಕಣ್ಣು ತುಂಬಿತು, ಸದ್ದು ಅಷ್ಟು ಹಿತವಾಗಿತ್ತು. ಅಡುಗೆಮನೆಯ ಬಾಗಿಲು ತೆರೆದೇ ಇತ್ತು.

ಅಪ್ಪ ಅರ್ಧಕ್ಕೆ ನಿಲ್ಲಿಸಿದ. ತಲೆ ವಾರೆ ಮಾಡಿದ. ಮತ್ತೆ ನುಡಿಸಿದ, ಇನ್ನಷ್ಟು ಒತ್ತಿ.

"ಕಂಬಳಿ ಹೊದ್ಕೊಂಡು ಮಲಗಿದೆ ಇದು," ಅಂದ. "ನಾನು ಗುಡುಗಿಗೆ ಬಡ್ಕೊಂಡೆ, ಪೆಟ್ಟಿಗೆ ಬೇಡ ಅಂತ."

ವೈರು ಕಿತ್ತು ಹಳೆಯ ಹಲಗೆಗೆ ಚುಚ್ಚಿದ. ಆಗಲೇ ಅವಳಿಗೆ ನೆನಪಾಯಿತು. ನಾಬುಗಳನ್ನು ಅವಳು ಮೊದಲಿನ ಜಾಗಕ್ಕೆ ತಿರುಗಿಸಿರಲಿಲ್ಲ. ಅಪ್ಪ ನುಡಿಸಿದ. ಇಲ್ಲೂ ಅದೇ ಕಂಬಳಿ. ಬಾಗಿ ಒಂದೊಂದೇ ನಾಬನ್ನು ಬೆರಳಿಂದ ಮುಟ್ಟಿ ನೋಡಿದ. ಎಲ್ಲವೂ ಕೆಂಪು ಚುಕ್ಕೆಯ ಮೇಲೆ, ಅಮ್ಮ ಇಟ್ಟಲ್ಲೇ ಇದ್ದವು. ಎಷ್ಟೋ ಸಂಜೆಗಳಲ್ಲಿ ಕೂದಲೆಳೆಯಷ್ಟೇ ಸರಿಸುತ್ತ ಬಂದ ಕೈಗೆ ತಾನು ಸರಿಸಿದ್ದೇ ನೆನಪಿರಲಿಲ್ಲ.

"ಡಬ್ಬಗಳ ತಪ್ಪಲ್ಲ ಹಾಗಾದ್ರೆ," ಎಂದ. ಎಡಗೈಯನ್ನು ಬಿಚ್ಚಿ, ಮಡಿಸಿ, ಮತ್ತೆ ಬಿಚ್ಚಿ ನೋಡಿಕೊಂಡ. ಯಾರದೋ ಕೈ ಎನ್ನುವ ಹಾಗೆ. "ಕೈ ಹೋಯ್ತು ಮರೀ. ಬೆರಳಲ್ಲಿ ಜೀವ ಇಲ್ಲ."

ಅವಳು ಇಲ್ಲವೆಂದು ತಲೆಯಾಡಿಸಿದಳು. ಅಪ್ಪ ನೋಡಲಿಲ್ಲ. ಗಿಟಾರನ್ನು ಅದರ ಪೆಟ್ಟಿಗೆಯಲ್ಲಿ ಮಲಗಿಸಿ, ಹೊಸ ತಂತಿಗಳನ್ನು ಒಂದೊಂದಾಗಿ ಸಡಿಲಿಸತೊಡಗಿದ. ಬಹಳ ದಿನ ಮುಟ್ಟುವುದಿಲ್ಲ ಎನ್ನುವಾಗ ಮಾತ್ರ ಅವನು ಹಾಗೆ ಮಾಡುತ್ತಿದ್ದ. ಪ್ರತಿ ತಂತಿಯೂ ಸಡಿಲಾಗುತ್ತ ಕೆಳಕ್ಕೆ ಇಳಿದು ನರಳಿತು.

"ಗುಡುಗಿಗೆ ಫೋನ್ ಮಾಡಿ ಹೇಳಿಬಿಡು, ಇವತ್ತಿಂದ ಬರಲ್ಲ ಅಂತ. ನೀನೇ ಹೇಳು. ನಿನ್ನ ದನಿಯಲ್ಲಿ ಅವನಿಗೆ ಅರ್ಧ ಕೇಳಿಸದಿದ್ರೂ ಒಳ್ಳೇದೇ." ನಗಲು ನೋಡಿದ. ಅವಳಿಗೆ ಅವನ ಬೆರಳುಗಳು ಕಾಣುತ್ತಿದ್ದವು. ಆ ಸಣ್ಣ ತಿರುಪುಗಳ ಮೇಲೆ ಒಂದಿಷ್ಟೂ ನಡುಗದೆ ಆಡುತ್ತಿದ್ದವು.

"ಅಪ್ಪಾ, ನಿನ್ನ ಕೈಗೆ ಏನೂ ಆಗಿಲ್ಲ," ಎಂದಳು ಅವಳು.

ಅವನು ತಲೆ ಎತ್ತಲಿಲ್ಲ. ಇನ್ನೊಂದು ತಂತಿ ಸಡಿಲಾಯಿತು.

ಅವಳು ಎದ್ದು ಹಲಗೆಯನ್ನು ದಾಟಿ ಅವನ ಎದುರಿಗೆ ಹೋಗಿ ಮಂಡಿಯೂರಿದಳು. ಸಡಿಲಿಸುತ್ತಿದ್ದ ಕೈಯನ್ನು ಹಿಡಿದುಕೊಂಡಳು.

"ಏನು ಗೊಣಗ್ತೀಯಾ," ಅಂದ ಅಪ್ಪ, ಅವಳ ತುಟಿಗಳನ್ನೇ ನೋಡುತ್ತ. "ಗಂಟಲಿಂದ ಆಚೆ ಬಿಡು."

"ನಿನ್ನ ಕೈ ಸರಿಯಾಗಿದೆ ಅಪ್ಪಾ," ಅವಳು ಹೇಳಿದಳು, ಎರಡು ಮನೆಗಳಾಚೆ ಕೇಳಿಸುವಷ್ಟು ಜೋರಾಗಿ. "ನಿನಗೆ ಕಿವಿ ಕೇಳಿಸ್ತಾ ಇಲ್ಲ."

ಅಡುಗೆಮನೆಯಲ್ಲಿ ನಲ್ಲಿಯ ನೀರು ನಿಂತಿತು.