ಇಳಿಬಿಟ್ಟ ಪೈಪು

ಮೂರನೇ ಸಲವೂ ವಾಷಿಂಗ್ ಮಷಿನ್ ಗುಂಯ್‌ಗುಟ್ಟಿ ನಿಂತುಹೋಯಿತು. ನುಹಾ ಬಕೆಟ್ಟು ಬೋರಲು ಹಾಕಿಕೊಂಡು ಅದರೆದುರು ಕೂತಳು. ಬೈಯೋಣವೆಂದರೆ ಅಷ್ಟು ತ್ರಾಣವೂ ಉಳಿದಿರಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಅತ್ತೆಯ ಎರಡು ಬೆಡ್‌ಶೀಟುಗಳು ನೊರೆ ಮೆತ್ತಿಕೊಂಡು ಮುದ್ದೆಯಾಗಿ ಬಿದ್ದಿದ್ದವು. ಜಾಲಿಸಲು ನೀರಿಲ್ಲ. ನಲ್ಲಿ ತಿರುಗಿಸಿದರೆ ಬುಸ್ಸೆಂದು ಗಾಳಿ ಬಂತು.

ಅಮ್ಮಾನ್ ನಗರದ ಆ ಗುಡ್ಡದ ಬೀದಿಗೆ ನೀರು ಬರುವುದು ವಾರಕ್ಕೊಮ್ಮೆ, ಮಂಗಳವಾರ. ಅಂದು ಮಾಳಿಗೆಯ ಮೇಲಿನ ತೊಟ್ಟಿ ತುಂಬಿಕೊಂಡರೆ ಮುಂದಿನ ಮಂಗಳವಾರದವರೆಗೆ ಅದೇ ಗತಿ. ಇವತ್ತಿನ್ನೂ ಶನಿವಾರ. ಸತತ ಮೂರನೇ ವಾರ ತೊಟ್ಟಿ ನಾಲ್ಕೇ ದಿನಕ್ಕೆ ಬರಿದಾಗಿತ್ತು.

ಇದು ಯಾರ ಕೆಲಸವೆಂದು ನುಹಾಳಿಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದಳು. ಕೆಳಗಿನ ಮನೆಯಲ್ಲಿರುವ ವಾರಗಿತ್ತಿ ವಿಸಾಲ್. ಮಾಳಿಗೆಯ ಮೇಲೆ ಅಣ್ಣ ತಮ್ಮಂದಿರ ತೊಟ್ಟಿಗಳು ಬೇರೆಬೇರೆಯಾದರೂ ಅವುಗಳ ನಡುವೆ ಮಾವನ ಕಾಲದ್ದೊಂದು ಪೈಪು, ಪೈಪಿಗೊಂದು ನಲ್ಲಿ ಇತ್ತು. ಒಬ್ಬರಿಗೆ ಕಡಿಮೆಯಾದರೆ ಇನ್ನೊಬ್ಬರನ್ನು ಕೇಳಿ ನಲ್ಲಿ ತಿರುಗಿಸಬೇಕು, ಅದು ಮನೆಯ ಕಟ್ಟಳೆ. ವಿಸಾಲ್ ಕೇಳದೆ ತಿರುಗಿಸುತ್ತಿದ್ದಾಳೆಂದು ನುಹಾ ಹದಿನೈದು ದಿನದ ಹಿಂದೆ ಮೆಟ್ಟಿಲ ಮೇಲೆ ನಿಂತು, ನಾಲ್ಕು ಮನೆಯವರು ಕೇಳುವ ಹಾಗೆ ಕೂಗಾಡಿದ್ದಳು. ಆಮೇಲೆ ಮಾಳಿಗೆಯ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡಿದ್ದಳು. ವಿಸಾಲ್ ಬಟ್ಟೆ ಒಣಹಾಕುವ ಹಗ್ಗವೂ ಮಾಳಿಗೆಯ ಮೇಲೇ ಇತ್ತು. ಬೀಗ ಹಾಕಿದ ಮೇಲೂ ನೀರು ಖಾಲಿಯಾದಾಗ, ಕಳ್ಳಕೀಲಿ ಮಾಡಿಸಿಕೊಂಡಿದ್ದಾಳೆ ಎಂದು ತೀರ್ಮಾನಿಸಿಬಿಟ್ಟಳು. ಅನುಮಾನಕ್ಕೆ ಕೂತ ಮನಸ್ಸಿಗೆ ಬೀಗವೇನು, ಕೀಲಿಯೇನು.

ನೀರಿನದು ಹಾಗಿರಲಿ. ಹಾಸಿಗೆ ಹಿಡಿದ ಅತ್ತೆ ಹಜ್ಜಾ ಫಿದ್ದಾಳನ್ನು ಮಗ್ಗುಲು ಬದಲಿಸಲು ಇಬ್ಬರು ಬೇಕು. ವಿಸಾಲ್ ದಿನಾ ಬೆಳಗ್ಗೆ ಮೇಲೆ ಬಂದು ಒಂದು ಕಡೆ ಹಿಡಿಯುತ್ತಿದ್ದಳು. ಜಗಳವಾದಂದಿನಿಂದ ಅವಳು ಹೊಸಿಲು ದಾಟಿಲ್ಲ. ನುಹಾಳ ಗಂಡ ಅಕಬಾ ಬಂದರಿನ ದಾರಿಯಲ್ಲಿ ಲಾರಿ ಓಡಿಸುವವನು, ವಾರಕ್ಕೆ ಒಂದು ರಾತ್ರಿ ಮನೆಯಲ್ಲಿದ್ದರೆ ಹೆಚ್ಚು. ಒಬ್ಬಳೇ ಎತ್ತಿ ಎತ್ತಿ ನುಹಾಳ ಸೊಂಟ ಬಿದ್ದುಹೋಗಿತ್ತು. ಒಬ್ಬಳ ಕೈಗೆ ಸರಿಯಾಗಿ ಹೊರಳದೆ ಅತ್ತೆಯ ಬಲ ಪಿರ್ರೆಯ ಮೇಲೆ ನಾಣ್ಯದಗಲದ ಕೆಂಪು ಹುಣ್ಣು ಎದ್ದಿತ್ತು. ಒದ್ದೆ ಹಾಸಿಗೆಯಲ್ಲಿ ಮಲಗಿಸಿದರೆ ಅದು ಆಳಕ್ಕಿಳಿಯುತ್ತದೆ ಎಂದು ನರ್ಸು ಹೇಳಿ ಹೋಗಿದ್ದಳು. ಒಣಗಿದ ಕೊನೆಯ ಬೆಡ್‌ಶೀಟು ಈಗ ಅತ್ತೆಯ ಕೆಳಗಿತ್ತು. ಅದೂ ಒದ್ದೆಯಾಗಿತ್ತು.

ರಿಪೇರಿಯ ಅಬು ನಾಯೆಫ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ದಪ್ಪ ಮನುಷ್ಯ, ಮಂಡಿ ನೋವಿನವನು. ಕುಡಿಯುವ ಕ್ಯಾನಿನಲ್ಲಿದ್ದ ನೀರಲ್ಲೇ ನುಹಾ ಅವನಿಗೆ ಪುದಿನ ಹಾಕಿ ಚಹಾ ಕಾಸಿಕೊಟ್ಟಳು.

"ಏನಂತೆ ತಂಗೀ ಇದರ ಗೋಳು?"

"ತುಂಬಲ್ಲ ಅಣ್ಣಾ. ಒಂದು ಗಂಟೆ ನೀರು ಬಿಟ್ಟುಕೊಳ್ಳುತ್ತೆ, ಆಮೇಲೆ ಸುಮ್ಮನೆ ನಿಂತುಬಿಡುತ್ತೆ. ಜಾಲರಿ ಬಿಚ್ಚಿ ಹಲ್ಲುಜ್ಜೋ ಬ್ರಶ್‌ನಲ್ಲಿ ಉಜ್ಜಿದೆ. ಬಟ್ಟೆ ಕಡಿಮೆ ಹಾಕಿದೆ. ಅಲ್ಲಾಡುತ್ತೇನೋ ಅಂತ ಕಾಲಿಗೆ ರಟ್ಟು ಕೊಟ್ಟೆ. ಮುಚ್ಚಳದ ಮೇಲೆ ಹತ್ತಿ ಕೂತೂ ನೋಡಿದೆ."

"ಕೂತಿದ್ದೂ ಆಯ್ತಾ? ಹಾಗಾದ್ರೆ ನನ್ನ ಯಾಕೆ ಕರೆದೆ, ನನ್ನ ತೂಕ ಬೇಕಿತ್ತಾ?" ಎಂದು ಅವನು ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತ. ಮುಚ್ಚಳ ನಾಲ್ಕು ಸಲ ಎತ್ತಿ ಹಾಕಿ ಕಿವಿಗೊಟ್ಟ. ಡ್ರಮ್ಮನ್ನು ಕೈಯಲ್ಲಿ ತಿರುಗಿಸಿದ. ಜಾಲರಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ. ಎಲ್ಲವೂ ಸರಿಯಾಗಿತ್ತು.

"ಮಷಿನ್ನಿಂದೇನೂ ತಪ್ಪಿಲ್ಲ ಅಣ್ಣಾ. ತೊಟ್ಟೀಲಿ ನೀರಿದ್ರೆ ತಾನೇ? ಅದನ್ನ ಕದಿಯೋರು ಕೆಳಗಿದ್ದಾರೆ," ಎಂದಳು ನುಹಾ.

ಬಚ್ಚಲಿಗೆ ಅಂಟಿಕೊಂಡ ಕೋಣೆಯಿಂದ ಅತ್ತೆಯ ಸಣ್ಣ ದನಿ ಬಂತು. "ನೀರು ಹೋಗ್ತಾನೇ ಇರುತ್ತೆ. ಎಷ್ಟು ಸಲ ಹೇಳ್ಲಿ? ಹರಿದು ಹೋಗ್ತಾನೇ ಇರುತ್ತೆ."

"ಅವರ ಮಾತು ಮನಸ್ಸಿಗೆ ಹಚ್ಕೋಬೇಡಿ. ಮೂರು ವಾರದಿಂದ ಇದೇ ಜಪ. ವಯಸ್ಸಾಯ್ತು, ಪಾಪ."

ಅಬು ನಾಯೆಫ್ ಕತ್ತು ಬಗ್ಗಿಸಿ ಮಷಿನ್ನಿನ ಹಿಂದೆ ಇಣುಕಿದ. ಕೊಳೆನೀರು ಹೊರಹೋಗುವ ಪೈಪು ಗೋಡೆಯ ಕೊಕ್ಕೆಯಲ್ಲಿರಲಿಲ್ಲ. ನೆಲದ ಮೇಲೆ ಹಾವಿನಂತೆ ಮಲಗಿ ಒಂದು ಬೋಗುಣಿಯೊಳಗೆ ಬಾಯಿ ಇಟ್ಟಿತ್ತು. ಬೋಗುಣಿಯ ಪಕ್ಕದಲ್ಲೇ ಬಚ್ಚಲಿನ ತೂತು.

"ಇದನ್ನ ಇಳಿಸಿದ್ದು ಯಾರು?"

"ನಾನೇ. ಜಾಲಿಸಿದ ನೀರು ಯಾಕೆ ಹಾಳು ಮಾಡೋದು? ಬೋಗುಣೀಲಿ ಹಿಡಿದು ಮೆಟ್ಟಿಲು ತೊಳೀತೀನಿ."

"ಯಾವಾಗ ಇಳಿಸಿದ್ದು?"

ನುಹಾ ಲೆಕ್ಕ ಹಾಕಿದಳು. "ಮೂರು ವಾರ ಆಯ್ತು," ಎಂದಳು.

ಅವನು ಕುಡಿಯುವ ನೀರಿನ ಕ್ಯಾನು ತರಿಸಿದ. ಬೆಡ್‌ಶೀಟುಗಳನ್ನು ತೆಗೆಸಿ, ಅರ್ಧ ಕ್ಯಾನು ಡ್ರಮ್ಮಿಗೆ ಸುರಿದ. ಸ್ವಲ್ಪ ಹೊತ್ತಿನಲ್ಲಿ ಬೋಗುಣಿಯೊಳಗೆ ಸಣ್ಣಗೆ ನೀರು ಬೀಳತೊಡಗಿತು. ಮಷಿನ್ ನಡೆಯುತ್ತಿರಲಿಲ್ಲ. ಸ್ವಿಚ್ಚೂ ಹಾಕಿರಲಿಲ್ಲ.

"ನೋಡಿದ್ಯಾ? ಮೇಲಿಂದ ಬಂದದ್ದು ಕೆಳಗಿಂದ ಹೋಗ್ತಿದೆ. ಪೈಪಿನ ಬಾಯಿ ನಿನ್ನ ಎದೆ ಮಟ್ಟದಲ್ಲಿದ್ರೆ ನೀರು ಒಳಗೆ ನಿಲ್ಲುತ್ತೆ. ನೆಲಕ್ಕಿಟ್ರೆ ಎಲ್ಲಿ ನಿಲ್ಲುತ್ತೆ? ತುಂಬಲಿ ಅಂತ ಮಷಿನ್ ನೀರು ಬಿಟ್ಕೊಳ್ತಾನೇ ಇರುತ್ತೆ, ತೊಟ್ಟಿ ಖಾಲಿ ಆಗೋವರೆಗೂ. ನೀನು ಬಂದು ನೋಡಿದಾಗ ಬೋಗುಣಿ ತುಂಬಿರುತ್ತೆ, ಉಳೀತಲ್ಲ ಅಂತ ಖುಷಿ ಪಡ್ತೀಯ. ಚೆಲ್ಲಿದ್ದೆಲ್ಲ ತೂತಿಗೆ ಹೋಗಿರುತ್ತೆ." ಅವನು ಪೈಪನ್ನೆತ್ತಿ ಕೊಕ್ಕೆಗೆ ಸಿಕ್ಕಿಸಿದ. "ಈ ಊರಲ್ಲಿ ನೀರು ಉಳಿಸೋಕೆ ಹೋಗಿ ಕಳ್ಕೊಂಡವಳು ನೀನೊಬ್ಬಳೇ ಅಲ್ಲ. ಬೇಜಾರು ಮಾಡ್ಕೋಬೇಡ."

ಅವನು ಹೋದ. ನುಹಾ ಬೋರಲು ಬಕೆಟ್ಟಿನ ಮೇಲೆ ಮತ್ತೆ ಕೂತಳು. ಉಳಿಸಿದ ನೀರೆಂದು ಮೆಟ್ಟಿಲು ತೊಳೆದದ್ದು, ಅದನ್ನು ಬೇಕೆಂದೇ ವಿಸಾಲಳ ಬಾಗಿಲವರೆಗೆ ಇಳಿಸಿ ಪೊರಕೆ ಸದ್ದು ಮಾಡಿದ್ದು, ಎಲ್ಲ ನೆನಪಾಯಿತು. ಹೇಳದೆ ಇದ್ದುಬಿಡಬಹುದಿತ್ತು. ಪೈಪು ಮೇಲೇರಿತು, ಇನ್ನು ನೀರು ಉಳಿಯುತ್ತದೆ, ಕೇಳುವವರಾರು? ಆದರೆ ಮಂಗಳವಾರಕ್ಕೆ ಇನ್ನೂ ಮೂರು ದಿನ. ಅತ್ತೆ ಅಷ್ಟು ದಿನ ಒದ್ದೆಯಲ್ಲಿ ಮಲಗುವಂತಿರಲಿಲ್ಲ.

ಕೆಳಗಿಳಿದು ಬಾಗಿಲು ತಟ್ಟಿದಳು. ವಿಸಾಲ್ ಬಾಗಿಲು ತೆರೆದು ಕೈಕಟ್ಟಿ ನಿಂತಳು. ಅವಳ ಬೆನ್ನ ಹಿಂದೆ ಕುರ್ಚಿಗಳ ಮೇಲೆಲ್ಲ ಬಟ್ಟೆ ಒಣಗುತ್ತಿತ್ತು.

"ಇವತ್ತೇನು ಕದ್ದಿದೀನಿ, ಹೇಳು."

"ನಾನೇ ಅಕ್ಕಾ. ನೀರು ಕಳೆದದ್ದು ನಾನೇ. ಮಷಿನ್ ಪೈಪು ನೆಲಕ್ಕೆ ಬಿಟ್ಟಿದ್ದೆ." ಕೊರಳಿನಿಂದ ಕೀಲಿ ತೆಗೆದು ಮುಂದೆ ಹಿಡಿದಳು.

ವಿಸಾಲ್ ಕೀಲಿಯನ್ನು ನೋಡಿದಳು, ಮುಟ್ಟಲಿಲ್ಲ. "ನಾಲ್ಕು ಮನೆಯವರು ಕೇಳೋ ಹಾಗೆ ಕಳ್ಳಿ ಅಂದೆ. ಈಗ ಇಷ್ಟು ಮೆತ್ತಗೆ ಹೇಳ್ತೀಯಲ್ಲ, ಯಾರಿಗೆ ಕೇಳುತ್ತೆ?"

"ಶುಕ್ರವಾರ ಎಲ್ಲರೂ ಮನೇಲಿರ್ತಾರೆ. ಮೆಟ್ಟಿಲ ಮೇಲೆ ನಿಂತು ಹೇಳ್ತೀನಿ. ಆದ್ರೆ ಇವತ್ತು ನೀರು ಬೇಕು. ಅತ್ತೆಗೆ ಹುಣ್ಣಾಗಿದೆ."

ವಿಸಾಲ್ ಕಟ್ಟಿದ್ದ ಕೈ ಬಿಚ್ಚಿದಳು. "ಹುಣ್ಣಾ? ಎಲ್ಲಿ? ಹುಣ್ಣಾಗೋವರೆಗೂ ಬಾಯಿಗೆ ಬೀಗ ಹಾಕ್ಕೊಂಡಿದ್ಯೇನೇ?" ಎಂದವಳೇ ಕೀಲಿ ಕಿತ್ತುಕೊಂಡು, ಚಪ್ಪಲಿ ಎಳೆಯುತ್ತ ಮಾಳಿಗೆಗೆ ಹೋದಳು.

ಪೈಪಿನ ನಲ್ಲಿ ತೆರೆದುಕೊಂಡಿತು. ನುಹಾ ಬೆಡ್‌ಶೀಟುಗಳನ್ನು ಮತ್ತೆ ಹಾಕಿ ಸ್ವಿಚ್ಚು ಒತ್ತಿದಳು. ಮಷಿನ್ ತುಂಬತೊಡಗಿತು. ಕಾಲು ಗಂಟೆಗೆ ನೀರು ತಾನಾಗಿ ನಿಂತು, ಡ್ರಮ್ಮು ಅತ್ತಿತ್ತ ಹೊರಳಿ ಬಟ್ಟೆ ಜಾಲಿಸತೊಡಗಿತು. ಅಷ್ಟರಲ್ಲಿ ವಿಸಾಲ್ ತನ್ನ ಮನೆಯ ಒಣ ಬೆಡ್‌ಶೀಟು ತಂದು ಅತ್ತೆಯ ಮಂಚದ ಆ ಕಡೆ ನಿಂತಿದ್ದಳು.

"ನನ್ನ ಕೋಪ ಇಳಿದಿಲ್ಲ, ತಿಳ್ಕೋ. ಆ ಭುಜ ಹಿಡಿ."

ಇಬ್ಬರೂ ಸೇರಿ ಹೊರಳಿಸಿದರು. ಅತ್ತೆ ಹತ್ತಿಯಷ್ಟು ಹಗುರಾಗಿದ್ದಳು. ಅವಳು ವಿಸಾಲಳ ಕೈಯನ್ನು ತಡಕಿ ಹಿಡಿದಳು. "ಇಷ್ಟು ದಿನ ಎಲ್ಲಿ ಹೋಗಿದ್ದೆ?"

ವಿಸಾಲ್ ಒಮ್ಮೆ ನುಹಾಳ ಕಡೆ ನೋಡಿದಳು. "ತವರಿಗೆ ಹೋಗಿದ್ದೆ ಅತ್ತೆ. ಅಣ್ಣನ ಮನೇಲಿ ಮದುವೆ ಇತ್ತು."

"ಸುಳ್ಳಿ," ಎಂದಳು ಅತ್ತೆ. "ನಿನ್ನ ಚಪ್ಪಲಿ ಸದ್ದು ನಂಗೆ ಗೊತ್ತಾಗಲ್ವಾ? ದಿನಾ ಬೆಳಗ್ಗೆ ಬಾಗಿಲವರೆಗೂ ಬರ್ತಿದ್ದೆ. ಒಂದಿಷ್ಟು ಹೊತ್ತು ನಿಲ್ತಿದ್ದೆ. ಆಮೇಲೆ ವಾಪಸ್ ಹೋಗ್ತಿದ್ದೆ. ಅದನ್ನೂ ಇವಳಿಗೆ ಹೇಳ್ದೆ. ಕೇಳಿದ್ರೆ ತಾನೇ."

ನುಹಾ ತಲೆ ತಗ್ಗಿಸಿ ಬೆಡ್‌ಶೀಟಿನ ತನ್ನ ಕಡೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸುತ್ತಲೇ ಇದ್ದಳು.